ಫುಟ್‌ಬಾಲ್ ನೋಡಲು ಹೊರಟ ಹೊಸಬರಿಗೆ: ಜರ್ಮನಿಯ ಸದ್ದು ಬೇರೆ, ಇಂಗ್ಲೆಂಡಿನ ಸದ್ದು ಬೇರೆ

ಊರಿಂದ ಹೊಸದಾಗಿ ಬಂದ ಹುಡುಗರು ಮೊದಲು ಮನೆ ಕೇಳುತ್ತಾರೆ, ಆಮೇಲೆ ಸೋನಾ ಮಸೂರಿ ಅಕ್ಕಿ ಎಲ್ಲಿ ಸಿಗುತ್ತದೆ ಅಂತ ಕೇಳುತ್ತಾರೆ, ಅದಾದ ಮೇಲೆ ಬರೋ ಪ್ರಶ್ನೆ ಇದೇ: "ಅಣ್ಣಾ, ಒಂದು ಮ್ಯಾಚ್ ನೋಡಬೇಕಲ್ಲ, ಹೇಗೆ?" ನಾನು 2012ರಲ್ಲಿ ಜರ್ಮನಿಯ ಡಾರ್ಟ್‌ಮುಂಡ್‌ಗೆ ಬಂದವನು. ಅಲ್ಲಿ ಆರು ವರ್ಷ ಇದ್ದೆ. ಆಮೇಲಿಂದ ಮ್ಯಾಂಚೆಸ್ಟರ್. ಎರಡೂ ಕಡೆ ಚಳಿಯಲ್ಲಿ ನಡುಗುತ್ತಾ ಮ್ಯಾಚ್ ನೋಡಿದ್ದೇನೆ, ಎರಡೂ ಕಡೆ ದುಡ್ಡು ಕಳೆದುಕೊಂಡಿದ್ದೇನೆ. ಆ ಅನುಭವದಲ್ಲಿ ಬರೆಯುತ್ತಿದ್ದೇನೆ.

ನನ್ನ ಮೊದಲ ಮ್ಯಾಚ್ ಕಥೆ ಹೇಳಿಬಿಡುತ್ತೇನೆ, ಅರ್ಧ ವಿಷಯ ಅದರಲ್ಲೇ ಇದೆ. 2012ರ ಡಿಸೆಂಬರ್, ಡಾರ್ಟ್‌ಮುಂಡ್. ಸಹೋದ್ಯೋಗಿಯೊಬ್ಬರ ಟಿಕೆಟ್ ನನಗೆ ಸಿಕ್ಕಿತ್ತು. ಇರೋದೊಂದೇ ದಪ್ಪ ಜಾಕೆಟ್, ಅದು ನೀಲಿ. ಗೇಟ್ ಹತ್ತಿರ ಅರವತ್ತು ದಾಟಿದ ಒಬ್ಬರು ಅಮ್ಮ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ತಮ್ಮ ಚೀಲದಿಂದ ಒಂದು ಹಳದಿ ಶಾಲು ತೆಗೆದು ನನ್ನ ಕುತ್ತಿಗೆಗೆ ಸುತ್ತಿ, ಜಾಕೆಟ್ಟಿನ ಜಿಪ್ಪನ್ನು ಅದು ಮುಚ್ಚುವ ಹಾಗೆ ಸರಿ ಮಾಡಿದರು. ನೀಲಿ ಅಂದರೆ ಪಕ್ಕದೂರಿನ ಶಾಲ್ಕೆ ಕ್ಲಬ್ಬಿನ ಬಣ್ಣ. ಡಾರ್ಟ್‌ಮುಂಡ್‌ಗೂ ಶಾಲ್ಕೆಗೂ ಇರೋ ಜಿದ್ದು ನೂರಕ್ಕೂ ಹೆಚ್ಚು ಮ್ಯಾಚ್‌ಗಳಷ್ಟು ಹಳೆಯದು. ಆ ಅಮ್ಮ ಬೈಯಲಿಲ್ಲ. ಆದರೆ ಶಾಲು ವಾಪಸ್ ತಗೊಳ್ಳೋದನ್ನು ಮರೆಯಲೂ ಇಲ್ಲ.

ಒಳಗೆ ಹೋಗಿ ಕೂತೆ. ಎದುರಿಗೆ ಅವರ ಪ್ರಸಿದ್ಧ ಹಳದಿ ಗೋಡೆ, ಸ್ಯೂಡ್‌ಟ್ರಿಬ್ಯೂನೆ. ಒಂದೇ ಇಳಿಜಾರಿನಲ್ಲಿ ಸುಮಾರು 25 ಸಾವಿರ ಜನ ನಿಂತಿರುತ್ತಾರೆ, ಯುರೋಪಿನಲ್ಲೇ ಅಷ್ಟು ದೊಡ್ಡ ನಿಲ್ಲುವ ಜಾಗ ಬೇರೆ ಇಲ್ಲ. ಮ್ಯಾಚ್ ಶುರುವಾಯಿತು. ಸದ್ದೇ ಇಲ್ಲ! ಎಂಬತ್ತು ಸಾವಿರ ಜನ ತುಂಬಿದ ಕ್ರೀಡಾಂಗಣದಲ್ಲಿ ಆಟಗಾರರು ಒಬ್ಬರನ್ನೊಬ್ಬರು ಕರೆಯೋದು, ಬೂಟು ಚೆಂಡಿಗೆ ತಾಗೋ ಟಪ್ ಸದ್ದು ಕೇಳುತ್ತಿದೆ. ಇದಕ್ಕಾ ಇಷ್ಟು ಹೊಗಳಿದ್ದು ಅಂತ ಮನಸ್ಸಿನಲ್ಲೇ ಅಂದುಕೊಂಡೆ. ಪಕ್ಕದವರು ಗಡಿಯಾರ ತೋರಿಸಿದರು. ಸರಿಯಾಗಿ 12 ನಿಮಿಷ 12 ಸೆಕೆಂಡಿಗೆ ಆ ಗೋಡೆ ಒಮ್ಮೆಲೇ ಬಾಯಿ ತೆರೆಯಿತು ನೋಡಿ, ಕುರ್ಚಿ ನಡುಗಿದ್ದು ನನಗೆ ಇನ್ನೂ ನೆನಪಿದೆ.

ಆಗ ಲೀಗ್‌ನವರು ಭದ್ರತೆಯ ಹೆಸರಿನಲ್ಲಿ ಅಭಿಮಾನಿಗಳ ಮೇಲೆ ಹೊಸ ನಿಯಮ ತರಲು ಹೊರಟಿದ್ದರು. ಅದರ ಮತದಾನ ಡಿಸೆಂಬರ್ 12ಕ್ಕೆ, ಅಂದರೆ 12ನೇ ತಿಂಗಳ 12. ಅದಕ್ಕೇ ಆ ಲೆಕ್ಕ. ದೇಶದ ಬಹುತೇಕ ಕ್ರೀಡಾಂಗಣಗಳಲ್ಲೂ ಕೆಲವು ವಾರ ಹೀಗೇ ಮೌನ ನಡೆಯಿತು. ಒಬ್ಬರಿಗೊಬ್ಬರು ಬದ್ಧ ವೈರಿಗಳಾದ ಅಭಿಮಾನಿ ಗುಂಪುಗಳೂ ಅದರಲ್ಲಿ ಸೇರಿದ್ದವು. ಜರ್ಮನಿಯಲ್ಲಿ ಸದ್ದು ಜನರ ಕೈಯಲ್ಲಿರುತ್ತದೆ, ಬೇಕಾದಾಗ ಹಚ್ಚುತ್ತಾರೆ, ಬೇಡವಾದಾಗ ಆರಿಸುತ್ತಾರೆ ಅಂತ ನನಗೆ ಅರ್ಥವಾಗಿದ್ದು ಆವತ್ತು.

ಇಂಗ್ಲೆಂಡಿನಲ್ಲಿ ಹಾಗಲ್ಲ. ಅಲ್ಲಿ ಸದ್ದು ಆಟದ ಕೈಯಲ್ಲಿರುತ್ತದೆ.

ನಮ್ಮ ಕಡೆಯ ಲೆಕ್ಕದಲ್ಲಿ ಹೇಳಬೇಕು ಅಂದರೆ ಜರ್ಮನಿಯದು ಭಜನೆ. ಮುಂದೆ ಬೇಲಿಯ ಮೇಲೆ ಮೆಗಾಫೋನ್ ಹಿಡಿದ ಒಬ್ಬ ಇರುತ್ತಾನೆ, ಅವನನ್ನು ಕಾಪೋ ಅಂತಾರೆ. ಪಾಪ, ಹೆಚ್ಚು ಹೊತ್ತು ಆಟಕ್ಕೆ ಬೆನ್ನು ಹಾಕಿಯೇ ನಿಂತಿರುತ್ತಾನೆ. ಡೋಲು ಬಾರಿಸೋರು ಪಕ್ಕದಲ್ಲಿ. ಅವನು ಎತ್ತಿಕೊಡುತ್ತಾನೆ, ಸಾವಿರಾರು ಜನ ಹಿಡಿಯುತ್ತಾರೆ. ತಂಡ ಮೂರು ಗೋಲು ಹಿಂದಿದ್ದರೂ ಹಾಡು ನಿಲ್ಲೋದಿಲ್ಲ. ಬೆಂಗಳೂರಿನ ಕಂಠೀರವದಲ್ಲಿ ವೆಸ್ಟ್ ಬ್ಲಾಕ್ ಬ್ಲೂಸ್ ಅಭಿಮಾನಿ ಗುಂಪಿನ ಜೊತೆ ನಿಂತು ಬೆಂಗಳೂರು ಎಫ್‌ಸಿ ಆಟ ನೋಡಿದವರಿಗೆ ಇದು ತಟ್ಟನೆ ಗೊತ್ತಾಗುತ್ತದೆ. ಇಂಗ್ಲೆಂಡಿನದು ಹಳ್ಳಿ ನಾಟಕ ನೋಡೋ ಜನ. ಸುಮ್ನೆ ಕೂತು ನೋಡುತ್ತಿರುತ್ತಾರೆ, ಚಹಾ ಹೀರುತ್ತಾರೆ, ಗೊಣಗುತ್ತಾರೆ, ಯಾರೋ ಒಬ್ಬ ಜೋರಾಗಿ ಒಂದು ಕುಹಕ ಬಿಡುತ್ತಾನೆ, ಸುತ್ತಲಿನವರು ನಗುತ್ತಾರೆ. ಅಷ್ಟರಲ್ಲಿ ತಮ್ಮ ಕಡೆಯ ಹುಡುಗ ಓಡಿಬಂದು ಒಂದು ಗಟ್ಟಿ ಟ್ಯಾಕಲ್ ಹಾಕಿದನೋ, ಒಂದು ಕಾರ್ನರ್ ಸಿಕ್ಕಿತೋ, ಇಡೀ ಸ್ಟೇಡಿಯಂ ಎದ್ದು ಗರ್ಜಿಸುತ್ತದೆ. ಒಬ್ಬ ಕಾಪೋ ಇಲ್ಲ, ಡೋಲಿಲ್ಲ, ಆದರೂ ನಲವತ್ತು ಸಾವಿರ ಜನರಿಗೆ ಒಂದೇ ಕ್ಷಣಕ್ಕೆ ಅದು ಹೇಗೆ ಬರುತ್ತದೋ. ಇದಕ್ಕೆ ಅಪವಾದ ಲಂಡನ್‌ನ ಕ್ರಿಸ್ಟಲ್ ಪ್ಯಾಲೆಸ್. ಅಲ್ಲಿ 2005ರಿಂದ ಹೋಮ್ಸ್‌ಡೇಲ್ ಫ್ಯಾನಾಟಿಕ್ಸ್ ಅನ್ನೋ ಗುಂಪು ಡೋಲು, ಬಾವುಟ ಎಲ್ಲ ಇಟ್ಟುಕೊಂಡು ಜರ್ಮನ್ನರ ಥರವೇ ಹಾಡುತ್ತದೆ.

ಹಾಗಾಗಿ ಜರ್ಮನಿಯಿಂದ ಇಲ್ಲಿಗೆ ಬಂದವರು "ಏನ್ರೀ ಇದು, ಲೈಬ್ರರಿ ಥರ ಇದೆ" ಅಂತ ಮೂಗು ಮುರಿಯುತ್ತಾರೆ. ತಮಾಷೆ ಏನೆಂದರೆ, ಇಂಗ್ಲೆಂಡಿನ ಅತಿಥಿ ತಂಡದ ಅಭಿಮಾನಿಗಳು ಆತಿಥೇಯರನ್ನು ಅಣಕಿಸಿ ಹಾಡೋದೂ ಅದನ್ನೇ, ಇದೇನು ಲೈಬ್ರರಿಯಾ ಅಂತ! ನಾನೂ ಮೊದಲ ವರ್ಷ ಹಾಗೇ ಅಂದುಕೊಂಡಿದ್ದೆ. ಈಗ ಇಂಗ್ಲೆಂಡಿನ ಆ ಗೊಣಗಾಟವೇ ನನಗೆ ಜಾಸ್ತಿ ಇಷ್ಟ. ಅಲ್ಲಿ ಜನ ನಿಜವಾಗಿ ಆಟ ನೋಡುತ್ತಿರುತ್ತಾರೆ. ಹೀಗಂದರೆ ಡಾರ್ಟ್‌ಮುಂಡ್‌ನ ಸ್ನೇಹಿತರು ಜಗಳಕ್ಕೆ ಬರುತ್ತಾರೆ, ಬರಲಿ.

ಇಂಗ್ಲೆಂಡಿನಲ್ಲಿ ಇಷ್ಟು ಮೌನ ಯಾಕೆ ಅನ್ನೋದಕ್ಕೆ ಒಂದು ದೊಡ್ಡ ಕಾರಣ ಇದೆ, ಹೊಸಬರು ಅದನ್ನು ತಿಳಿದಿರಲೇಬೇಕು. 1989ರ ಏಪ್ರಿಲ್ 15ರಂದು ಶೆಫೀಲ್ಡ್‌ನ ಹಿಲ್ಸ್‌ಬರೋದಲ್ಲಿ ನಿಂತು ನೋಡುವ ಜಾಗದಲ್ಲಿ ನೂಕುನುಗ್ಗಲಾಗಿ, ಕಬ್ಬಿಣದ ಬೇಲಿಗೆ ಒತ್ತಿಹೋಗಿ, 97 ಮಂದಿ ಲಿವರ್‌ಪೂಲ್ ಅಭಿಮಾನಿಗಳು ಸತ್ತರು. ತಪ್ಪು ಅಭಿಮಾನಿಗಳದ್ದೇ ಅಂತ ವರ್ಷಗಟ್ಟಲೆ ಹೇಳಿದರು. ಅಲ್ಲ ಅಂತ 2016ರಲ್ಲಿ ವಿಚಾರಣೆಯ ತೀರ್ಪು ಬಂತು. ಆ ದುರಂತದ ನಂತರ 1994ರ ಹೊತ್ತಿಗೆ ಮೇಲಿನ ಎರಡು ಲೀಗ್‌ಗಳಲ್ಲಿ ನಿಲ್ಲುವ ಜಾಗ ಹೋಗಿ ಎಲ್ಲ ಕುರ್ಚಿ ಆಯಿತು. ಟಿಕೆಟ್ ದರ ಏರಿತು, ಹುಡುಗರು ಹೊರಗುಳಿದರು. ಸಾಲು ಸಾಲಿಗೂ ಅಡ್ಡಕಂಬಿ ಇರುವ ಸುರಕ್ಷಿತ ನಿಲ್ಲುವ ಜಾಗ ಮತ್ತೆ ಶುರುವಾಗಿದ್ದು 2022ರಲ್ಲಿ. ಲಿವರ್‌ಪೂಲ್‌ನಲ್ಲಿ ಈ ವಿಷಯವಾಗಿ ಅಪ್ಪಿತಪ್ಪಿಯೂ ಹಗುರವಾಗಿ ಮಾತಾಡಬೇಡಿ. ನಮಗೂ ಇದು ದೂರದ ಮಾತಲ್ಲ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಜನ ಹೋದರು. ಇಂಗ್ಲೆಂಡಿನಲ್ಲಿ ಗೇಟಿನವರು ಒಂದೊಂದೇ ಸಾಲು ಮಾಡಿ ನಿಧಾನ ಬಿಡುವಾಗ ನನಗೆ ಮೊದಲು ಸಿಟ್ಟು ಬರುತ್ತಿತ್ತು, ಈಗ ಬರೋದಿಲ್ಲ.

ಇನ್ನು ಟಿಕೆಟ್. ಜರ್ಮನಿಯಲ್ಲಿ ನಿಂತು ನೋಡುವ ಟಿಕೆಟ್ಟಿಗೆ ಶ್ಟೇಪ್ಲಾಟ್ಸ್ ಅಂತ ಹೆಸರು, ಅಲ್ಲಿನ ಮೊದಲ ದರ್ಜೆಯ ಲೀಗ್ ಬುಂಡೆಸ್‌ಲೀಗಾದಲ್ಲೂ 15–20 ಯೂರೋ ಆಸುಪಾಸಿಗೆ ಸಿಗುತ್ತದೆ. ಹಲವು ಕ್ಲಬ್‌ಗಳ ಟಿಕೆಟ್‌ನಲ್ಲೇ ಆ ಊರಿನ ಬಸ್ಸು, ಟ್ರಾಮ್ ಕೂಡ ಸೇರಿರುತ್ತದೆ, ಮೊದಲು ಅದನ್ನು ನೋಡಿಕೊಳ್ಳಿ, ಸುಮ್ನೆ ಬೇರೆ ಟಿಕೆಟ್ ತಗೊಂಡು ದುಡ್ಡು ಹಾಳು ಮಾಡಬೇಡಿ. ಅಗ್ಗವಾಗಿರೋದು ಸುಮ್ನೆ ಅಲ್ಲ. ಅಲ್ಲಿ 50+1 ಅಂತ ನಿಯಮ ಇದೆ, ಕ್ಲಬ್ಬಿನ ಬಹುಮತದ ಮತ ಸದಸ್ಯರ ಕೈಯಲ್ಲೇ ಇರಬೇಕು. ಲೆವರ್‌ಕೂಸನ್, ವೋಲ್ಫ್ಸ್‌ಬುರ್ಗ್ ಥರದ ಕಂಪನಿ ಕ್ಲಬ್‌ಗಳಿಗೆ ಮಾತ್ರ ವಿನಾಯಿತಿ. ಸದಸ್ಯರ ಮಾತು ನಡೆಯುತ್ತದೆ ಕೂಡ. ಸೋಮವಾರ ರಾತ್ರಿಯ ಮ್ಯಾಚ್ ಬೇಡ ಅಂತ ಹಟ ಹಿಡಿದು 2021ರಲ್ಲಿ ನಿಲ್ಲಿಸಿದರು. ಹೊರಗಿನ ಹೂಡಿಕೆದಾರರನ್ನು ಲೀಗ್‌ಗೆ ತರಲು ಹೊರಟಾಗ ವಾರಗಟ್ಟಲೆ ಮೈದಾನಕ್ಕೆ ಟೆನಿಸ್ ಚೆಂಡು ಎಸೆದು ಆಟ ನಿಲ್ಲಿಸಿದರು, 2024ರ ಫೆಬ್ರವರಿಯಲ್ಲಿ ಲೀಗ್ ಆ ಯೋಚನೆಯನ್ನೇ ಕೈಬಿಟ್ಟಿತು.

ಇಂಗ್ಲೆಂಡಿನಲ್ಲಿ ಪ್ರೀಮಿಯರ್ ಲೀಗ್ ಟಿಕೆಟ್ಟಿಗೆ ಮೊದಲು ಕ್ಲಬ್ಬಿನ ಮೆಂಬರ್‌ಶಿಪ್ ತಗೋಬೇಕು, ಆಮೇಲೆ ಅದೃಷ್ಟ ಬೇಕು, ಆಮೇಲೆ ಐವತ್ತು ಅರವತ್ತು ಪೌಂಡ್ ಬೇಕು. ಬೀದಿಯಲ್ಲಿ ಯಾರೋ "ಟಿಕೆಟ್ ಇದೆ" ಅಂದರೆ ತಿರುಗಿಯೂ ನೋಡಬೇಡಿ. ಫುಟ್‌ಬಾಲ್ ಟಿಕೆಟ್ ಹಾಗೆ ಮರುಮಾರಾಟ ಮಾಡೋದು ಇಲ್ಲಿ ಅಪರಾಧ. ನಾನು ಒಮ್ಮೆ ಫೋನಿನಲ್ಲಿ ಬಂದ ಟಿಕೆಟ್ ನಂಬಿ ಹೋಗಿ, ಗೇಟಿನಲ್ಲಿ ಕೆಂಪು ದೀಪ ನೋಡಿಕೊಂಡು, ಮಳೆಯಲ್ಲಿ ವಾಪಸ್ ಬಂದಿದ್ದೇನೆ.

ಟಿವಿಯಲ್ಲಿ ನೋಡಿದರಾಯಿತು ಅಂದುಕೊಂಡಿರಾ? ಶನಿವಾರ ಮಧ್ಯಾಹ್ನ 2:45ರಿಂದ 5:15ರವರೆಗೆ ಇಂಗ್ಲೆಂಡಿನಲ್ಲಿ ಮ್ಯಾಚ್ ನೇರ ಪ್ರಸಾರವೇ ಇಲ್ಲ. ಸಣ್ಣ ಕ್ಲಬ್‌ಗಳ ಸ್ಟೇಡಿಯಂ ಖಾಲಿ ಹೊಡೆಯಬಾರದು ಅಂತ ಹಳೇ ಕಾಲದ ಕಟ್ಟುಪಾಡು. ಮಂಡ್ಯದಲ್ಲಿ ನನ್ನ ತಮ್ಮ ಮಂಚದ ಮೇಲೆ ಮಲಗಿಕೊಂಡು ಲೈವ್ ನೋಡುತ್ತಾನೆ, ಸ್ಟೇಡಿಯಂನಿಂದ ಎರಡು ಮೈಲಿ ದೂರದಲ್ಲಿರೋ ನಾನು ಅವನಿಗೆ ಫೋನ್ ಮಾಡಿ ಸ್ಕೋರ್ ಕೇಳುತ್ತೇನೆ.

ಎಲ್ಲಿ ಕೂರಬೇಕು ಅನ್ನೋದು ಇಂಗ್ಲೆಂಡಿನಲ್ಲಿ ಬಲು ಮುಖ್ಯ. ನನ್ನ ಭಾಮೈದ ಮೈಸೂರಿನಿಂದ ಬಂದಿದ್ದ. ಹತ್ತು ವರ್ಷದಿಂದ ಟಿವಿಯಲ್ಲಿ ಒಂದು ತಂಡವನ್ನು ಆರಾಧಿಸಿದವನು. ಆ ತಂಡ ನಮ್ಮೂರಿಗೆ ಬಂತು, ನನಗೆ ಸಿಕ್ಕಿದ್ದು ಆತಿಥೇಯರ ಕಡೆಯ ಎರಡು ಟಿಕೆಟ್. "ಏನೇ ಆದರೂ ಬಾಯಿ ಮುಚ್ಚಿಕೊಂಡಿರು" ಅಂತ ದಾರಿಯುದ್ದಕ್ಕೂ ಹೇಳಿದ್ದೆ. ಎಪ್ಪತ್ತನೇ ನಿಮಿಷಕ್ಕೆ ಅವನ ತಂಡ ಗೋಲು ಹೊಡೆಯಿತು. ಅವನು ಕೂಗಲಿಲ್ಲ, ಆದರೆ ಎರಡು ಕೈ ಮೇಲೆತ್ತಿ ಅರ್ಧ ಎದ್ದುಬಿಟ್ಟ. ಸುತ್ತಲಿನ ಹತ್ತು ತಲೆ ತಿರುಗಿದವು. ಎರಡು ನಿಮಿಷಕ್ಕೆ ಹಳದಿ ಜಾಕೆಟ್ಟಿನ ಸ್ಟೀವರ್ಡ್ ಬಂದು ಮೆಲ್ಲಗೆ, ಬಹಳ ಮರ್ಯಾದೆಯಿಂದ, ಇಬ್ಬರನ್ನೂ ಹೊರಗೆ ಕರೆದುಕೊಂಡು ಹೋದ. "ಭಾವ, ನಾನು ಕೂಗೇ ಇಲ್ಲವಲ್ಲ" ಅಂತ ಅವನು ಟ್ರಾಮ್‌ನಲ್ಲೂ ಹೇಳುತ್ತಿದ್ದ. ಎರಡು ಟಿಕೆಟ್ ದುಡ್ಡು ನೀರುಪಾಲು.

ಹಾಗಂತ ಅತಿಥಿಗಳ ಮೂಲೆ ಕೆಟ್ಟದ್ದಲ್ಲ. ಇಂಗ್ಲೆಂಡಿನಲ್ಲಿ ನಿಜವಾದ ಮಜಾ ಇರೋದೇ ಅಲ್ಲಿ. ಮೂರು ಸಾವಿರದೊಳಗಿನ ಜನ, ಎಲ್ಲರೂ ನಿಂತೇ, ಕುರ್ಚಿ ಇದ್ದರೂ ಯಾರೂ ಕೂರೋದಿಲ್ಲ, ತೊಂಬತ್ತು ನಿಮಿಷವೂ ಹಾಡು. ಪ್ರೀಮಿಯರ್ ಲೀಗ್‌ನಲ್ಲಿ ಈ ಟಿಕೆಟ್ಟಿಗೆ 2016ರಿಂದ 30 ಪೌಂಡ್ ಮಿತಿ ಇದೆ. ಆದರೆ ಸಿಗೋದು ವರ್ಷಗಟ್ಟಲೆ ಸುತ್ತಿದ ಹಳಬರಿಗೆ. ಹೊಸಬರು ಕೆಳಗಿನ ಲೀಗ್ ನೋಡಿ. ದಕ್ಷಿಣ ಲಂಡನ್‌ನವರು ಡಲ್ವಿಚ್ ಹ್ಯಾಮ್ಲೆಟ್‌ಗೆ ಹೋಗಿ. ಅಂಥ ಸಣ್ಣ ಮೈದಾನಗಳಲ್ಲಿ ಹೋಮ್, ಅವೇ ಅಂತ ಬೇಲಿ ಇರೋದು ಕಡಿಮೆ, ಅರ್ಧ ಸಮಯಕ್ಕೆ ಅಭಿಮಾನಿಗಳು ಜಾಗ ಬದಲಿಸಿ ಇನ್ನೊಂದು ಗೋಲಿನ ಹಿಂದೆ ಹೋಗಿ ನಿಲ್ಲುತ್ತಾರೆ. ನಮ್ಮ ತಾಲ್ಲೂಕು ಮಟ್ಟದ ಟೂರ್ನಿ ನೆನಪಾಗುತ್ತದೆ.

ಜರ್ಮನಿಯಲ್ಲಿರೋರು ಒಮ್ಮೆಯಾದರೂ ಬರ್ಲಿನ್‌ನ ಯೂನಿಯನ್ ಕ್ಲಬ್ ಸ್ಟೇಡಿಯಂ ನೋಡಿ. ಕಾಡಿನ ನಡುವೆ ನಡೆದುಕೊಂಡು ಹೋಗಬೇಕು. 2008–09ರಲ್ಲಿ ಕ್ಲಬ್ಬಿನ ಹತ್ತಿರ ದುಡ್ಡಿಲ್ಲದಾಗ ಎರಡು ಸಾವಿರಕ್ಕೂ ಹೆಚ್ಚು ಅಭಿಮಾನಿಗಳು ರಜೆ ಹಾಕಿ, ಸಿಮೆಂಟು ಕಲಸಿ, ತಾವೇ ಅದನ್ನು ಮತ್ತೆ ಕಟ್ಟಿ ನಿಲ್ಲಿಸಿದರು. 22 ಸಾವಿರ ಜಾಗದಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ನಿಲ್ಲುವುದೇ.

ಜರ್ಮನಿಯಲ್ಲಿ ಮೊದಲ ಸಲವೇ ನಿಲ್ಲುವ ಕಡೆ ನಡುಮಧ್ಯಕ್ಕೆ ಹೋಗಬೇಡಿ. ಅಲ್ಲಿ ಹಾಡದೆ ಫೋನ್ ಹಿಡಿದು ವಿಡಿಯೋ ಮಾಡುತ್ತಾ ನಿಂತರೆ ಹಿಂದಿನಿಂದ ಬೈಗುಳ ಗ್ಯಾರಂಟಿ. ಅಂಚಿನಲ್ಲಿ ನಿಲ್ಲಿ. ಗೋಲು ಆದಾಗ ಘೋಷಕ ಆಟಗಾರನ ಮೊದಲ ಹೆಸರು ಹೇಳುತ್ತಾನೆ, ಕೊನೆಯ ಹೆಸರು ಜನ ಕೂಗಬೇಕು. ನಂತರ ಸ್ಕೋರ್. ತಮ್ಮ ತಂಡದ್ದು ಎಷ್ಟೋ ಅಷ್ಟು, ಎದುರಾಳಿಯದ್ದು ಎಷ್ಟೇ ಇರಲಿ, ಹಲವು ಕಡೆ "ನುಲ್", ಸೊನ್ನೆ! ಕೊನೆಗೆ ಅವನು "ಡಾಂಕೆ", ಅಂದರೆ ಧನ್ಯವಾದ ಅಂತಾನೆ, ಇಡೀ ಸ್ಟೇಡಿಯಂ "ಬಿಟ್ಟೆ", ಅಂದರೆ ಪರವಾಗಿಲ್ಲ ಅನ್ನುತ್ತದೆ. ನಮ್ಮ ಎಷ್ಟೋ ಹುಡುಗರು ಕಲಿತ ಮೊದಲ ಜರ್ಮನ್ ಅಷ್ಟೇ.

ಭಯ ಇದೆಯಾ ಅಂತ ಕೇಳುತ್ತಾರೆ, ಮುಖ್ಯವಾಗಿ ಮನೆಯವರನ್ನು ಕರೆದುಕೊಂಡು ಹೋಗೋರು. ಇಷ್ಟು ವರ್ಷದಲ್ಲಿ ನನ್ನ ಬಣ್ಣ ನೋಡಿ ಕೆಟ್ಟ ಮಾತು ಬಂದಿದ್ದು ಎರಡೇ ಸಲ, ಎರಡೂ ಸಲ ಸ್ಟೇಡಿಯಂ ಒಳಗಲ್ಲ, ಮ್ಯಾಚ್ ಮುಗಿದ ಮೇಲೆ ರೈಲಿನಲ್ಲಿ, ಕುಡಿದವರಿಂದ. ಮಕ್ಕಳಿದ್ದರೆ ಎರಡೂ ದೇಶದಲ್ಲಿ ಫ್ಯಾಮಿಲಿ ವಿಭಾಗ ಇದೆ, ಅಲ್ಲಿಗೇ ಟಿಕೆಟ್ ತಗೊಳ್ಳಿ. ಬೈಗುಳದ ಹಾಡು ಅಲ್ಲಿಗೂ ಕೇಳಿಸುತ್ತದೆ, ಅದಕ್ಕೇನೂ ಮಾಡೋಕಾಗಲ್ಲ. ಮ್ಯಾಚ್ ಮುಗಿದ ಕೂಡಲೇ ಮೊದಲ ರೈಲಿಗೆ ಓಡಬೇಡಿ, ಅರ್ಧ ಗಂಟೆ ತಡೆದು ಹೊರಡಿ. ಫುಟ್‌ಬಾಲ್ ಇಷ್ಟವಿಲ್ಲದವರಿಗೂ ಈ ಮಾತು ಸೇರುತ್ತದೆ. ಜರ್ಮನಿಯಲ್ಲಿ ಶನಿವಾರ ಸಂಜೆ ಸೂಟ್‌ಕೇಸ್ ಹಿಡಿದು ಪ್ರಾದೇಶಿಕ ರೈಲು ಹತ್ತೋ ಮೊದಲು ಆ ಊರಿನಲ್ಲಿ ಮ್ಯಾಚ್ ಇದೆಯಾ ನೋಡಿಕೊಳ್ಳಿ.

ಊಟದ ವಿಷಯ. ಸಸ್ಯಾಹಾರಿಗಳಿಗೆ ಜರ್ಮನಿಯಲ್ಲಿ ಬ್ರೆಟ್ಸೆಲ್ ಅನ್ನೋ ಉಪ್ಪಿನ ಬ್ರೆಡ್ಡು ಮತ್ತು ಪೊಮೆಸ್ ಅನ್ನೋ ಕರಿದ ಆಲೂಗಡ್ಡೆ, ಇಂಗ್ಲೆಂಡಿನಲ್ಲಿ ಚಿಪ್ಸ್, ಅದೃಷ್ಟ ಇದ್ದರೆ ಚೀಸ್–ಈರುಳ್ಳಿ ಪೈ. ಮನೆಯಿಂದ ಚಪಾತಿ ರೋಲ್ ತರೋಣ ಅಂದರೆ ದೊಡ್ಡ ಚೀಲ ಒಳಗೆ ಬಿಡೋದಿಲ್ಲ, ಎ4 ಹಾಳೆಯಷ್ಟು ಅಂತ ಲೆಕ್ಕ ಇಟ್ಟುಕೊಳ್ಳಿ. ಬಿಯರ್ ಇಂಗ್ಲೆಂಡಿನಲ್ಲಿ ಕುರ್ಚಿಗೆ ತರುವಂತಿಲ್ಲ. ಮೈದಾನ ಕಾಣೋ ಕಡೆ ಕುಡಿಯಬಾರದು ಅಂತ 1985ರ ಕಾನೂನು. ಅದಕ್ಕೇ ಅರ್ಧ ಸಮಯದಲ್ಲಿ ಒಳಗಿನ ಹಜಾರದಲ್ಲಿ ಹದಿನೈದೇ ನಿಮಿಷಕ್ಕೆ ಎಲ್ಲರೂ ಗಟಗಟ ಕುಡಿಯೋ ದೃಶ್ಯ. ಜರ್ಮನಿಯಲ್ಲಿ ಬಿಯರ್ ಹಿಡಿದೇ ನಿಲ್ಲಬಹುದು, ಗೋಲು ಆದಾಗ ಅದು ನಿಮ್ಮ ತಲೆಯ ಮೇಲೂ ಬೀಳಬಹುದು. ಅಲ್ಲಿ ಕಪ್ಪಿಗೆ ಪ್ಫಾಂಡ್ ಅಂತ ಠೇವಣಿ ಹಿಡಿಯುತ್ತಾರೆ. ಹೊರಡೋ ಮುಂಚೆ ವಾಪಸ್ ಕೊಟ್ಟು ದುಡ್ಡು ತಗೊಳ್ಳಿ. ನಾನು ಮರೆತು ಮನೆಗೆ ತಂದ ಏಳು ಕಪ್ ಮ್ಯಾಂಚೆಸ್ಟರ್‌ವರೆಗೂ ಬಂದಿವೆ. ಒಂದರಲ್ಲಿ ಸಾಸಿವೆ ಇದೆ, ಇನ್ನೊಂದರಲ್ಲಿ ಮೆಂತ್ಯ.