ಮುಲಾಮಿಗೆ ನೀರು ಸೋಕಿಸಬೇಡಿ

ಮಾರ್ಚ್ ಬಂತೆಂದರೆ ನಮ್ಮ ಮನೆಯಲ್ಲಿ ಬಿಬ್ಬೆ ಉಪ್ಕರಿಯ, ಅಂದರೆ ಹಸಿ ಗೇರುಬೀಜದ ಪಲ್ಯದ ಆಸೆ ಶುರು. ಹಸಿ ಗೇರುಬೀಜ ಬಿಡಿಸುವ ಕೆಲಸ ಮಾತ್ರ ಯಾರಿಗೂ ಬೇಡ. ಸಿಪ್ಪೆಯ ಸೊನೆ ತಾಗಿದರೆ ಬೆರಳು ಸುಟ್ಟ ಹಾಗಾಗುತ್ತದೆ. ಆಮೇಲೆ ಚರ್ಮ ಕಪ್ಪಾಗಿ ಸುಲಿಯುತ್ತದೆ. ಅದಕ್ಕೇ ಅಮ್ಮ ಕೈಗೆ ತೆಂಗಿನೆಣ್ಣೆ ಬಳಿದುಕೊಂಡೇ ಕತ್ತಿ ಹಿಡಿಯುತ್ತಿದ್ದರು. ಆದರೆ ಬರೀ ಎಣ್ಣೆ ಎಷ್ಟು ಹೊತ್ತು ನಿಂತೀತು? ಮಂಗಳೂರಿನ ಸೆಕೆಗೆ ಹತ್ತೇ ನಿಮಿಷದಲ್ಲಿ ಬೆವರಿನ ಜೊತೆ ಇಳಿದು ಹೋಗುತ್ತದೆ.

ಚರ್ಮದ ಮೇಲೆ ನಿಲ್ಲುವ ಒಂದು ಕ್ರೀಮು ಮನೆಯಲ್ಲೇ ಮಾಡೋಣ ಅಂತ ನಾನು ಹೊರಟದ್ದು ಹಾಗೆ. ಮೊದಲ ಸಲ ಎಡವಿದೆ. ಹಿತ್ತಲಿನ ಲೋಳೆಸರ ಕೊಯ್ದು, ತೆಂಗಿನೆಣ್ಣೆ, ಎರಡು ವಿಟಮಿನ್ ಇ ಮಾತ್ರೆ ಹಾಕಿ ಮಿಕ್ಸಿಯಲ್ಲಿ ತಿರುಗಿಸಿದೆ. ಬೆಳ್ಳಗೆ, ನೊರೆನೊರೆಯಾಗಿ, ಅಂಗಡಿಯದ್ದೇ ಅನ್ನಬೇಕು, ಹಾಗೆ ಬಂತು. ಜುಲೈ ತಿಂಗಳು, ಹೊರಗೆ ಜಡಿಮಳೆ. ಒಂಬತ್ತನೇ ದಿನ ಮುಚ್ಚಳ ತೆಗೆದರೆ ಅಂಚಿನಲ್ಲಿ ಹಸಿರು ಬೂಸಲು. ಅದನ್ನೇ ತುರಿಕೆಯ ಜಾಗಕ್ಕೆ ಹಚ್ಚಿದ್ದರೆ ಕಥೆ ಏನಾಗುತ್ತಿತ್ತು ಮಾರಾಯ್ರೆ!

ತಪ್ಪು ಲೋಳೆಸರದ್ದಲ್ಲ, ಅದರೊಳಗಿನ ನೀರಿನದ್ದು. ಕ್ರೀಮು ಅಂದರೆ ಎಣ್ಣೆ ಮತ್ತು ನೀರು. ಎರಡನ್ನೂ ಹಿಡಿದಿಡಲು ಒಂದು ಪದಾರ್ಥ ಬೇಕು. ನೀರು ಇದ್ದಲ್ಲಿ ಬ್ಯಾಕ್ಟೀರಿಯಾ, ಬೂಸಲು ಬರುತ್ತವೆ, ಅವನ್ನು ತಡೆಯಲು ಸಂರಕ್ಷಕ ಬೇಕು. ಕಂಪನಿಯವರು ಅದನ್ನು ಅಳೆದು ಹಾಕುತ್ತಾರೆ, ಲ್ಯಾಬಿನಲ್ಲಿ ಪರೀಕ್ಷೆ ಮಾಡುತ್ತಾರೆ. ನಮ್ಮ ಅಡುಗೆಮನೆಯಲ್ಲಿ ಅದು ಆಗುವ ಮಾತಲ್ಲ. ವಿಟಮಿನ್ ಇ ಹಾಕಿದರೆ ಕೆಡುವುದಿಲ್ಲ ಅಂತ ತುಂಬಾ ಜನ ನಂಬಿದ್ದಾರೆ, ನಾನೂ ನಂಬಿದ್ದೆ. ಅದು ಎಣ್ಣೆ ಕಮಟು ಹಿಡಿಯುವುದನ್ನು ಸ್ವಲ್ಪ ತಡ ಮಾಡುತ್ತದೆ, ಅಷ್ಟೆ. ಬೂಸಲಿಗೆ ಅದರ ಹೆದರಿಕೆಯೇ ಇಲ್ಲ. ಫ್ರಿಜ್ಜಿನಲ್ಲಿಟ್ಟರೂ ಕೆಲವು ದಿನ ಮುಂದೆ ಹೋಗಬಹುದು, ಅಷ್ಟೇ.

ಹಾಗಾಗಿ ಮನೆಯಲ್ಲಿ ಮಾಡುವುದಾದರೆ ಕ್ರೀಮು ಬೇಡ, ಮುಲಾಮು ಮಾಡಿ. ಒಂದು ಹನಿ ನೀರೂ ಇಲ್ಲದ್ದು.

ಏನೇನು ಬೇಕು?

100 ಗ್ರಾಂ ಮುಲಾಮಿಗೆ ತೆಂಗಿನೆಣ್ಣೆ 60 ಗ್ರಾಂ, ಪುನರ್ಪುಳಿ ಬೀಜದ ತುಪ್ಪ 20 ಗ್ರಾಂ, ಜೇನುಮೇಣ 10 ಗ್ರಾಂ, ಝಿಂಕ್ ಆಕ್ಸೈಡ್ ಪುಡಿ 10 ಗ್ರಾಂ. ಚಮಚದ ಲೆಕ್ಕ ಬೇಡ, ಅಡುಗೆಮನೆಯ ಸಣ್ಣ ತಕ್ಕಡಿಯಲ್ಲಿ ತೂಗಿ.

ಪುನರ್ಪುಳಿ ತುಪ್ಪ ಯಾಕೆ ಅಂತ ಕೇಳಬಹುದು. ತೆಂಗಿನೆಣ್ಣೆ 25 ಡಿಗ್ರಿ ಹತ್ತಿರ ಕರಗುತ್ತದೆ. ನಮ್ಮ ಊರಲ್ಲಿ ಅದು ಗಟ್ಟಿಯಾಗುವುದು ಡಿಸೆಂಬರ್, ಜನವರಿಯ ಕೆಲವು ಬೆಳಗ್ಗೆ ಮಾತ್ರ. ಚಳಿ ದೇಶದವರ ವಿಡಿಯೊ ನೋಡಿ ಬರೀ ತೆಂಗಿನೆಣ್ಣೆ, ಚೂರು ಮೇಣ ಹಾಕಿದರೆ ಮೇ ತಿಂಗಳಲ್ಲಿ ಡಬ್ಬಿಯಲ್ಲಿ ಪಾಯಸ ಸಿಗುತ್ತದೆ. ಪುನರ್ಪುಳಿ ತುಪ್ಪ ಕರಗಲು 40 ಡಿಗ್ರಿ ಆಸುಪಾಸು ಬೇಕು. ಘಟ್ಟದ ಬುಡದ ಹಳ್ಳಿಗಳಲ್ಲಿ ಒಡೆದ ಹಿಮ್ಮಡಿಗೆ, ತುಟಿಗೆ ಹಿಂದಿನಿಂದಲೂ ಹಚ್ಚುತ್ತಿದ್ದದ್ದು ಇದನ್ನೇ. ಮುರುಗಲು ತುಪ್ಪ ಅಂತ ಕೇಳಿದರೂ ಇದೇ ಸಿಗುತ್ತದೆ.

ಜೇನುಮೇಣ ಪುತ್ತೂರು, ಸುಳ್ಯ ಕಡೆಯ ಜೇನು ಸಾಕುವವರಲ್ಲಿ ಕೇಳಿ ನೋಡಿ. ಪೇಟೆಯಲ್ಲಿ ಮೇಣದಬತ್ತಿಯ ಪ್ಯಾರಾಫಿನ್ ಬೆರೆಸಿದ್ದೂ ಇರುತ್ತದೆ. ಒಳ್ಳೆಯ ಮೇಣಕ್ಕೆ ಜೇನಿನ ತೆಳು ವಾಸನೆ ಇರುತ್ತದೆ. ಝಿಂಕ್ ಆಕ್ಸೈಡ್ ಮಾತ್ರ ಔಷಧ ದರ್ಜೆಯದ್ದೇ ಬೇಕು, ಮೆಡಿಕಲ್ ಶಾಪಿನಲ್ಲಿ ಹೇಳಿದರೆ ತರಿಸಿ ಕೊಡುತ್ತಾರೆ. ಪೇಂಟಿಗೆ ಹಾಕುವ ಪುಡಿ ತರಬೇಡಿ.

ಕರ್ಪೂರ, ಪುದೀನ ಹೂ (ಮೆಂಥಾಲ್), ನಿಂಬೆರಸ, ಬೆಳ್ಳುಳ್ಳಿ? ಒಂದೂ ಬೇಡ. ಕರ್ಪೂರ ಎಳೆ ಮಕ್ಕಳಿಗೆ ಅಪಾಯ, ಅಪಸ್ಮಾರದ ಹಾಗೆ ಸೆಳೆತ ಬರಬಹುದು. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಲೆ ಬೀಳುತ್ತದೆ. ಬೆಳ್ಳುಳ್ಳಿ ಅರೆದು ಕಟ್ಟಿ ಗುಳ್ಳೆ ಎಬ್ಬಿಸಿಕೊಂಡವರನ್ನು ನಾನೇ ನೋಡಿದ್ದೇನೆ. ಉರಿಯುವ ಚರ್ಮಕ್ಕೆ ಪರಿಮಳ ಯಾಕೆ, ಅಲ್ವಾ?

ಮಾಡುವ ಕ್ರಮ

ಮೊದಲು ಪಾತ್ರೆ, ಚಮಚ, ಡಬ್ಬಿ ಎಲ್ಲವನ್ನೂ ಕುದಿಯುವ ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ. ಮಳೆಗಾಲದಲ್ಲಿ ಇದೇ ದೊಡ್ಡ ಕೆಲಸ. ಬಟ್ಟೆಯಲ್ಲಿ ಒರೆಸಿದರೆ ಸಾಲದು. ಬಿಸಿಲಿಲ್ಲದಿದ್ದರೆ ಸ್ಟೀಲ್ ಡಬ್ಬಿಯನ್ನು ಬಿಸಿ ಕಾವಲಿಯ ಮೇಲೆ ಎರಡು ನಿಮಿಷ ಬೋರಲು ಹಾಕಿಡಿ.

ಒಂದು ಅಗಲ ಪಾತ್ರೆಯಲ್ಲಿ ನೀರು ಕಾಯಲು ಇಟ್ಟು, ಅದರೊಳಗೆ ಸಣ್ಣ ಪಾತ್ರೆ ಇಡಿ. ನೇರ ಬೆಂಕಿ ಬೇಡ, ಮೇಣಕ್ಕೆ ಬೆಂಕಿ ಹತ್ತಬಹುದು. ನೀರು ಕುದಿದು ಹಾರದಂತೆ ಉರಿ ಸಣ್ಣಗಿರಲಿ. ಮೊದಲು ಜೇನುಮೇಣ ಹಾಕಿ. ಅದು ಕರಗಲು 65 ಡಿಗ್ರಿ ಹತ್ತಿರ ಬೇಕು, ಹೊತ್ತು ಹಿಡಿಯುತ್ತದೆ. ಕರಗಿದ ಮೇಲೆ ಪುನರ್ಪುಳಿ ತುಪ್ಪ, ಆಮೇಲೆ ತೆಂಗಿನೆಣ್ಣೆ. ಎರಡು ಚಮಚ ಎಣ್ಣೆಯನ್ನು ಮಾತ್ರ ಬೇರೆ ತೆಗೆದಿಡಿ.

ಆ ಎರಡು ಚಮಚದಲ್ಲೇ ಇಡೀ ಮುಲಾಮಿನ ನಯ ಇರುವುದು. ಝಿಂಕ್ ಪುಡಿಯನ್ನು ಸಣ್ಣ ಕಲ್ಲಿನಲ್ಲೋ ಪಿಂಗಾಣಿ ಬಟ್ಟಲಿನಲ್ಲೋ ಹಾಕಿ. ತೆಗೆದಿಟ್ಟ ಎಣ್ಣೆಯನ್ನು ಹನಿಹನಿಯಾಗಿ ಬಿಟ್ಟು ಅರೆಯಿರಿ, ಗಂಧ ತೇಯ್ದ ಹಾಗೆ. ಗಂಟು ಒಂದೂ ಉಳಿಯಬಾರದು. ಪುಡಿಯನ್ನು ನೇರವಾಗಿ ಬಿಸಿ ಎಣ್ಣೆಗೆ ಸುರಿದರೆ ಮುದ್ದೆ ಕಟ್ಟುತ್ತದೆ, ಆಮೇಲೆ ಹಚ್ಚುವಾಗ ಮರಳು ಸಿಕ್ಕಿದ ಹಾಗಾಗುತ್ತದೆ. ಹಾರುವ ಪುಡಿ ಮೂಗಿಗೆ ಹೋಗಬಾರದು, ಮಾಸ್ಕ್ ಹಾಕಿಕೊಳ್ಳಿ, ಫ್ಯಾನ್ ಆರಿಸಿ.

ಅರೆದದ್ದನ್ನು ಕರಗಿದ ಎಣ್ಣೆಗೆ ಸೇರಿಸಿ, ಒಲೆಯಿಂದ ಇಳಿಸಿ. ಪಾತ್ರೆಯ ಹೊರಮೈಯ ನೀರು ಒರೆಸುವುದನ್ನು ಮರೆಯಬೇಡಿ. ಬಗ್ಗಿಸುವಾಗ ಆ ನೀರೇ ಡಬ್ಬಿಗೆ ಇಳಿಯುತ್ತದೆ. ಈಗ ಕೈ ಬಿಡದೆ ತಿರುವಬೇಕು. ಸುಮ್ನೆ ಇಟ್ಟರೆ ಝಿಂಕ್ ತಳಕ್ಕೆ ಕೂರುತ್ತದೆ, ತುಪ್ಪ ರವೆ ರವೆಯಾಗುತ್ತದೆ. ದೋಸೆ ಹಿಟ್ಟಿನ ಹದಕ್ಕೆ ಬಂದಾಗ ಡಬ್ಬಿಗೆ ತುಂಬಿ. ತಣ್ಣಗಾಗುವವರೆಗೆ ಮುಚ್ಚಳ ಹಾಕಬೇಡಿ, ಒಳಗೆ ಬೆವರುತ್ತದೆ. ಗಟ್ಟಿ ಅನ್ನಿಸಿದರೆ ಮತ್ತೆ ಕರಗಿಸಿ ಎರಡು ಚಮಚ ಎಣ್ಣೆ ಸೇರಿಸಿ.

ಒಂದೇ ದೊಡ್ಡ ಡಬ್ಬಿಗಿಂತ ನಾಲ್ಕು ಸಣ್ಣ ಡಬ್ಬಿ ಒಳ್ಳೆಯದು. ಒದ್ದೆ ಬೆರಳು ಅದ್ದುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಮೂರು ತಿಂಗಳಲ್ಲಿ ಮುಗಿಸಿ, ಕಮಟು ವಾಸನೆ ಬಂದರೆ ಎಸೆಯಿರಿ.

ಕೆಲವರಿಗೆ ಗರಿಕೆ ಎಣ್ಣೆಯಲ್ಲೇ ಮಾಡುವ ಆಸೆ. ಮಾಡಬಹುದು. ಗರಿಕೆ ರಸವನ್ನು ತೆಂಗಿನೆಣ್ಣೆಗೆ ಹಾಕಿ ರಸದ ನೀರೆಲ್ಲ ಆರುವವರೆಗೆ ಸಣ್ಣ ಉರಿಯಲ್ಲಿ ಕಾಯಿಸಬೇಕು. ನೀರು ಹೋಯಿತೋ ಇಲ್ಲವೋ ತಿಳಿಯುವುದು ಹೇಗೆ? ಹಳಬರು ಒಂದು ಬತ್ತಿಯನ್ನು ಆ ಎಣ್ಣೆಯಲ್ಲಿ ಅದ್ದಿ ಹಚ್ಚುತ್ತಿದ್ದರು. ಚಟಪಟ ಅಂದರೆ ಇನ್ನೂ ನೀರಿದೆ. ಸದ್ದಿಲ್ಲದೆ ಉರಿದರೆ ಎಣ್ಣೆ ಹದಕ್ಕೆ ಬಂದಿದೆ. ಲ್ಯಾಬ್ ಇಲ್ಲದ ಕಾಲದ ಲ್ಯಾಬ್ ಪರೀಕ್ಷೆ ಇದು.

ಯಾವುದಕ್ಕೆ ಹಚ್ಚಬೇಕು, ಯಾವುದಕ್ಕೆ ಬೇಡ

ಮೊದಲು ಮೊಣಕೈಯ ಒಳಭಾಗಕ್ಕೆ ದಿನಕ್ಕೆ ಎರಡು ಸಲ, ಐದಾರು ದಿನ ಹಚ್ಚಿ ನೋಡಿ. ಕೆಂಪಾಗದಿದ್ದರೆ ಮುಂದುವರಿಸಿ. ನಡೆದು ಉಜ್ಜಿ ಕೆಂಪಾದ ತೊಡೆಸಂದಿಗೆ, ಪಾತ್ರೆ ಸೋಪಿಗೆ ಬಿರಿದ ಕೈಗೆ, ಅಡಿಕೆ ಸುಲಿದು ಒರಟಾದ ಬೆರಳಿಗೆ ಇದು ಹಿತ. ಬಿಬ್ಬೆ ಬಿಡಿಸುವ ಮೊದಲೂ ಹಚ್ಚಿಕೊಳ್ಳಿ. ಬೆವರುಗುಳ್ಳೆಗೆ ಮಾತ್ರ ಬೇಡ. ಬೆವರಿನ ರಂಧ್ರ ಮುಚ್ಚಿದ್ದರಿಂದಲೇ ಬಂದ ಗುಳ್ಳೆ ಅದು, ಮೇಲೆ ಎಣ್ಣೆ ಬಳಿದರೆ ಇನ್ನೂ ಜಾಸ್ತಿ. ಗಜಕರ್ಣಕ್ಕೂ ಬೇಡ, ಅದಕ್ಕೆ ಶಿಲೀಂಧ್ರದ ಔಷಧವೇ ಬೇಕು. ಅಂಗಡಿಯವರು ಕೊಟ್ಟ ಸ್ಟೀರಾಯ್ಡ್ ಬೆರೆತ ಟ್ಯೂಬಂತೂ ಬೇಡವೇ ಬೇಡ. ನಾಲ್ಕು ದಿನ ತುರಿಕೆ ಅಡಗುತ್ತದೆ, ಗಜಕರ್ಣ ಮಾತ್ರ ಒಳಗೊಳಗೇ ಹರಡುತ್ತದೆ.

ಇನ್ನು ವೈರಸ್ಸಿನ ವಿಷಯ. ಇಲ್ಲಿ ಗಟ್ಟಿಯಾಗಿ ಹೇಳುತ್ತೇನೆ: ಈ ಮುಲಾಮು ಯಾವ ವೈರಸ್ಸನ್ನೂ ಕೊಲ್ಲುವುದಿಲ್ಲ.

ನಮ್ಮ ಜಿಲ್ಲೆಗಳಲ್ಲಿ ಜನ ಹೆಚ್ಚು ಹೆದರುವುದು ಸರ್ಪಸುತ್ತಿಗೆ. ಕುಕ್ಕೆಗೆ ಹರಕೆ ಹೊರುತ್ತಾರೆ, ಕೆಮ್ಮಣ್ಣು ಬಳಿಯುತ್ತಾರೆ, ತಲೆ ಬಾಲ ಸೇರಿದರೆ ಜೀವಕ್ಕೇ ಅಪಾಯ ಅನ್ನುತ್ತಾರೆ. ಹರಕೆ ನಿಮ್ಮ ನಂಬಿಕೆ, ನನ್ನ ತಕರಾರಿಲ್ಲ. ಆದರೆ ಕಾಯಿಲೆಯ ಕಾರಣ ಬೇರೆ. ಸಣ್ಣವರಿದ್ದಾಗ ಬಂದು ಹೋದ ಚಿಕನ್‌ಪಾಕ್ಸ್‌ನ ವೈರಸ್ ನರದ ಬುಡದಲ್ಲಿ ಅಡಗಿ ಕೂತಿರುತ್ತದೆ. ವಯಸ್ಸಾದಾಗಲೋ ಮೈಯ ಶಕ್ತಿ ಕುಗ್ಗಿದಾಗಲೋ ಅದೇ ನರದ ದಾರಿ ಹಿಡಿದು ಚರ್ಮಕ್ಕೆ ಬರುತ್ತದೆ. ಆ ನರ ಮೈಯ ಒಂದು ಬದಿಗೆ ಮಾತ್ರ ಹೋಗುವುದರಿಂದ ಗುಳ್ಳೆಯೂ ಸಾಮಾನ್ಯವಾಗಿ ಒಂದೇ ಬದಿಯಲ್ಲಿ ಪಟ್ಟಿಯಾಗಿ ಏಳುತ್ತದೆ. ತಲೆ ಬಾಲ ಸೇರುವ ಮಾತು ಎಲ್ಲಿಂದ ಬಂತು!

ಇದಕ್ಕೆ ಅಸೈಕ್ಲೋವಿರ್ ಮಾತ್ರೆ ಇದೆ. ವೈರಸ್ ಹೊಕ್ಕ ಜೀವಕೋಶದೊಳಗೆ ಅದರ ಸಂತಾನ ಬೆಳೆಯದಂತೆ ಅದು ತಡೆಯುತ್ತದೆ. ಬೆಳೆದು ಮುಗಿದ ಮೇಲೆ ತಡೆದು ಏನು ಬಂತು? ಅದಕ್ಕೇ ಗುಳ್ಳೆ ಕಂಡ 72 ಗಂಟೆಯೊಳಗೆ ಡಾಕ್ಟರ ಹತ್ತಿರ ಹೋಗಬೇಕು. ಮೇಲೆ ಹಚ್ಚುವ ಅಸೈಕ್ಲೋವಿರ್ ಕ್ರೀಮು ಸರ್ಪಸುತ್ತಿಗೆ ಸಾಲದು, ಮಾತ್ರೆಯೇ ಬೇಕು. ಮಣ್ಣು, ಎಣ್ಣೆ ಅಂತ ವಾರ ಕಳೆದವರಲ್ಲಿ ಕೆಲವರಿಗೆ ಗುಳ್ಳೆ ಒಣಗಿದ ಮೇಲೂ ತಿಂಗಳುಗಟ್ಟಲೆ ನರದ ಉರಿ ಉಳಿಯುತ್ತದೆ. ಹಣೆಯಲ್ಲೋ ಮೂಗಿನ ತುದಿಯಲ್ಲೋ ಗುಳ್ಳೆ ಎದ್ದರೆ ಕಣ್ಣಿಗೆ ಅಪಾಯ, ಅದೇ ದಿನ ಕಣ್ಣಿನ ಡಾಕ್ಟರಿಗೆ ತೋರಿಸಿ. ಮಂಗಳೂರಿನ ವೆನ್ಲಾಕ್ ಆಸ್ಪತ್ರೆ ಇದೆ, ಉಡುಪಿಯವರಿಗೆ ಅಜ್ಜರಕಾಡಿನ ಜಿಲ್ಲಾಸ್ಪತ್ರೆ, ಮಣಿಪಾಲ ಹತ್ತಿರವೇ ಇವೆ. 50 ದಾಟಿದವರಿಗೆ ಎರಡು ಡೋಸಿನ ಲಸಿಕೆಯೂ ಬಂದಿದೆ, ಬೆಲೆ ಸ್ವಲ್ಪ ಜೋರು.

ಹಾಗಾದರೆ ಉರಿಗೆ ಏನು ಹಚ್ಚುವುದು? ನೀರು ಒಸರುವ ಗುಳ್ಳೆಗೆ ಎಣ್ಣೆ ಮುಲಾಮು ಬೇಡ. ಶುದ್ಧ ತಣ್ಣೀರಿನಲ್ಲಿ ಹಿಂಡಿದ ಬಟ್ಟೆಯನ್ನು ಹತ್ತು ನಿಮಿಷ ಇಡಿ, ಆಮೇಲೆ ಡಾಕ್ಟರನ್ನು ಕೇಳಿ ಕ್ಯಾಲಮೈನ್ ಲೋಷನ್ ಹಚ್ಚಿ. ಅದರ ಗುಲಾಬಿ ಬಣ್ಣ ಬರುವುದು ಕಬ್ಬಿಣದ ಆಕ್ಸೈಡಿನಿಂದ. ಕೆಮ್ಮಣ್ಣಿನ ಕೆಂಪೂ ಅದೇ. ಆದರೆ ಹಸಿ ಮಣ್ಣಿನಲ್ಲಿ ಧನುರ್ವಾಯುವಿನ ಕ್ರಿಮಿ ಇರಬಹುದು, ಬಾಟಲಿಯಲ್ಲಿ ಇರುವುದಿಲ್ಲ. ಚಿಕನ್‌ಪಾಕ್ಸ್ ಬಂದ ಮಕ್ಕಳಿಗೂ ಕ್ಯಾಲಮೈನೇ ಸರಿ. ಜ್ವರಕ್ಕೆ ಆಸ್ಪಿರಿನ್ ಮಾತ್ರ ಕೊಡಲೇಬಾರದು.

ಮಕ್ಕಳ ಮೈಮೇಲೆ ನಡುವೆ ಸಣ್ಣ ಗುಳಿ ಇರುವ ಮುತ್ತಿನಂಥ ಗುಳ್ಳೆ ಕಂಡರೆ ಅದು ಮೊಲಸ್ಕಮ್ ಇರಬಹುದು. ಅದೂ ವೈರಸ್ಸೇ. ಅದರ ಮೇಲೆ ಮುಲಾಮು ತಿಕ್ಕಿದರೆ ಪಕ್ಕದ ಚರ್ಮಕ್ಕೆ ನಾವೇ ಬಿತ್ತಿದ ಹಾಗೆ. ಟವೆಲ್ ಬೇರೆ ಇಡಿ, ಕೆರೆಯಲು ಬಿಡಬೇಡಿ. ತಿಂಗಳುಗಳು ಹಿಡಿದರೂ ಹೆಚ್ಚಾಗಿ ತಾನಾಗಿ ಹೋಗುತ್ತದೆ.

ಮುಲಾಮು ಚೆನ್ನಾಗಿ ಬಂದರೆ ನೆಂಟರು, ನೆರೆಯವರು ಕೇಳುತ್ತಾರೆ. ಕೊಡಿ. ಮಾರುವುದಾದರೆ ವಿಷಯ ಬೇರೆ: 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ತಯಾರಿಕೆಗೆ ಪರವಾನಗಿ ಬೇಕು. 'ಸರ್ಪಸುತ್ತು ವಾಸಿಯಾಗುತ್ತದೆ' ಅಂತ ಚೀಟಿ ಅಂಟಿಸಿದರೆ ಅದು ಔಷಧದ ಲೆಕ್ಕಕ್ಕೆ ಹೋಗುತ್ತದೆ, 1940ರ ಕಾಯ್ದೆ ಅಡ್ಡ ಬರುತ್ತದೆ. ಸುಮ್ನೆ ಕೊಡುವಾಗಲೂ ಡಬ್ಬಿಯ ಮೇಲೆ ಮಾಡಿದ ತಾರೀಕು, ಒಳಗೆ ಹಾಕಿದ ನಾಲ್ಕು ಹೆಸರು ಬರೆದು ಕೊಡಿ. ಜೇನುಮೇಣ ಆಗದವರೂ ಇರುತ್ತಾರೆ.