ಕೋ-ಆಪ್ ಮನೆ ಕೊಳ್ಳುವಾಗ ಕೆಲಸ ಬದಲಿಸಬಹುದಾ?

ನ್ಯೂಯಾರ್ಕ್‌ನಲ್ಲಿ ಮನೆ ಹುಡುಕುವ ಕನ್ನಡಿಗರಿಗೆ ಜಾಕ್ಸನ್ ಹೈಟ್ಸ್, ಫಾರೆಸ್ಟ್ ಹಿಲ್ಸ್ ಕಡೆ ಬಜೆಟ್ಟಿಗೆ ಸಿಗುವುದು ಹೆಚ್ಚಾಗಿ ಕೋ-ಆಪ್‌ಗಳೇ. ಬೆಂಗಳೂರಿನಲ್ಲಾದರೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಕ್ರಯಪತ್ರ ನೋಂದಣಿ ಮಾಡಿಸಿ ಫ್ಲ್ಯಾಟ್ ತಗೊಳ್ಳುತ್ತೀರಿ. ಕೋ-ಆಪ್‌ನಲ್ಲಿ ಇಡೀ ಕಟ್ಟಡ ಒಂದು ಕಂಪನಿಯದು. ನೀವು ಕೊಳ್ಳುವುದು ಅದರ ಷೇರು. ಜೊತೆಗೆ ಆ ಮನೆಯಲ್ಲಿರುವ ಹಕ್ಕು ಕೊಡುವ ಪ್ರೊಪ್ರೈಟರಿ ಲೀಸ್ ಬರುತ್ತದೆ. ಕಟ್ಟಡದ ತೆರಿಗೆ, ಸಾಲದ ಕಂತು, ಕೆಲಸದವರ ಸಂಬಳ ಎಲ್ಲ ತಿಂಗಳ ಮೇಂಟೆನೆನ್ಸ್‌ನಿಂದ ನಡೆಯಬೇಕು. ಒಬ್ಬರು ಕಟ್ಟದಿದ್ದರೆ ಹೊರೆ ಉಳಿದವರ ತಲೆಗೆ. ಅದಕ್ಕೇ ಬೋರ್ಡಿನವರು, ಅಂದರೆ ಕಟ್ಟಡ ನಡೆಸುವ ಆಡಳಿತ ಮಂಡಳಿಯವರು, ನಿಮ್ಮ ಸಂಬಳವನ್ನು ಅಷ್ಟು ಕೆದಕುವುದು.

ಕರಾರಿಗೆ ಸಹಿ ಹಾಕಿ, ಬ್ಯಾಂಕಿನ ಒಪ್ಪಿಗೆ ಪಡೆದು, ಬೋರ್ಡಿಗೆ ಕಡತ ಕೊಟ್ಟು, ಸಂದರ್ಶನ ಮುಗಿಸಿ ಕ್ಲೋಸಿಂಗ್ (ಹಣ ಕೊಟ್ಟು ಮನೆ ನಿಮ್ಮದಾಗುವ ದಿನ) ಮುಟ್ಟಲು ಎರಡು ಮೂರು ತಿಂಗಳು ಸುಲಭವಾಗಿ ಹಿಡಿಯುತ್ತದೆ. ನಡುವೆ ಒಳ್ಳೆಯ ಕೆಲಸದ ಆಫರ್ ಬಂದರೆ ಏನು ಮಾಡೋದು?

ನನ್ನ ಸಲಹೆ ಇಷ್ಟೇ. ಆಫರ್‌ಗೆ ಹೂಂ ಅನ್ನುವ ಮೊದಲು, ರಾಜೀನಾಮೆ ಕೊಡುವುದಕ್ಕಂತೂ ಮೊದಲೇ, ನಿಮ್ಮ ವಕೀಲರಿಗೆ ಮತ್ತು ಸಾಲ ಕೊಡುವವರಿಗೆ ಫೋನ್ ಮಾಡಿ. ಕರಾರಿನ ದಿನ ಸಾಮಾನ್ಯವಾಗಿ ಬೆಲೆಯ 10% ಮುಂಗಡ ಕೊಟ್ಟಿರುತ್ತೀರಿ. 5 ಲಕ್ಷ ಡಾಲರ್ ಮನೆಗೆ ಅದು 50,000 ಡಾಲರ್. ಬ್ಯಾಂಕ್ ಒಮ್ಮೆ ಸಾಲ ಕೊಡುತ್ತೇವೆ ಎಂಬ ಕಮಿಟ್‌ಮೆಂಟ್ ಪತ್ರ ಕೊಟ್ಟ ಮೇಲೆ ನಿಮ್ಮ ಕೆಲಸದ ಕಾರಣಕ್ಕೆ ಹಿಂದೆ ಸರಿದರೆ ಆ ಹಣ ವಾಪಸ್ ಬರುತ್ತದೋ ಇಲ್ಲವೋ ಎನ್ನುವುದು ಕರಾರಿನ ಒಕ್ಕಣೆಯ ಮೇಲಿದೆ. ಹೋದರೂ ಹೋಗಬಹುದು. ಸಹಿಗೆ ಮುಂಚೆ ಆ ಭಾಗವನ್ನು ವಕೀಲರ ಪಕ್ಕ ಕೂತು ಓದಿ.

ಬ್ಯಾಂಕಿನ ಲೆಕ್ಕ ಸ್ವಲ್ಪ ಊಹಿಸಬಹುದು. ಅದೇ ಥರದ ಕೆಲಸ, ಅಷ್ಟೇ ಅಥವಾ ಜಾಸ್ತಿ ಮೂಲ ಸಂಬಳ ಇದ್ದರೆ, ಆಫರ್ ಲೆಟರ್ ಮತ್ತು ಹೊಸ ಕಂಪನಿಯ ಮೊದಲ ಪೇ ಸ್ಲಿಪ್ ತೋರಿಸಿದರೆ ಹೆಚ್ಚಾಗಿ ದಾರಿ ಸಿಗುತ್ತದೆ. ಕಷ್ಟ ಬರುವುದು ಸಂಬಳದ ರೂಪ ಬದಲಾದಾಗ. ಡಬ್ಲ್ಯೂ-2 (ಸಂಬಳದ ಕಾಯಂ ನೌಕರಿ) ಬಿಟ್ಟು 1099 (ಸ್ವತಂತ್ರ) ಕಾಂಟ್ರಾಕ್ಟ್‌ಗೆ ಹೋದರೆ ಸಾಮಾನ್ಯವಾಗಿ ಎರಡು ವರ್ಷದ ಆದಾಯದ ದಾಖಲೆ ಕೇಳುತ್ತಾರೆ. ಮೂಲ ಸಂಬಳ ಇಳಿದು ಬೋನಸ್ ಏರಿದ್ದರೂ ಇದೇ ತಾಪತ್ರಯ. ಹೊಸ ಬೋನಸ್‌ಗೆ ಇತಿಹಾಸವೇ ಇರುವುದಿಲ್ಲ ಅಲ್ವಾ? ಸುಮ್ನೆ ಯಾರಿಗೂ ಹೇಳದೆ ಕೆಲಸ ಬದಲಿಸಿದರೆ ಗೊತ್ತಾಗದು ಅಂದುಕೊಳ್ಳಬೇಡಿ. ಕ್ಲೋಸಿಂಗ್‌ಗೆ ಕೆಲವೇ ದಿನ ಇರುವಾಗ ಬ್ಯಾಂಕಿನವರು ನಿಮ್ಮ ಆಫೀಸಿಗೆ ಮತ್ತೆ ಫೋನ್ ಮಾಡುತ್ತಾರೆ. ಇವರು ಈಗಲೂ ಇಲ್ಲೇ ಕೆಲಸದಲ್ಲಿದ್ದಾರಾ ಅನ್ನುವುದೊಂದೇ ಪ್ರಶ್ನೆ. ಎಚ್‌ಆರ್‌ನವರು ಇಲ್ಲ ಅಂದರೆ ಎಲ್ಲ ಅಲ್ಲಿಗೇ ನಿಲ್ಲುತ್ತದೆ.

ಬೋರ್ಡಿನ ಮನಸ್ಸು ಓದುವುದು ಇನ್ನೂ ಕಷ್ಟ. ತಿರಸ್ಕರಿಸಿದರೆ ಕಾರಣವನ್ನೂ ಹೇಳಬೇಕಾಗಿಲ್ಲ. ಜನಾಂಗ, ಧರ್ಮ, ಹುಟ್ಟಿದ ದೇಶ, ವೀಸಾ ಸ್ಥಿತಿ ನೋಡಿ ಬೇಡ ಅನ್ನುವುದಕ್ಕೆ ನಗರದ ಮಾನವ ಹಕ್ಕು ಕಾನೂನಿನಲ್ಲಿ ಅವಕಾಶವಿಲ್ಲ. ಆದರೆ ಆದಾಯ ಗಟ್ಟಿಯಿಲ್ಲ ಅನ್ನಿಸಿದರೆ ಬೇಡ ಅನ್ನಬಹುದು. ಕಡತದಲ್ಲಿ ನೀವು ಕೆಲಸ ಮಾಡುವ ಕಂಪನಿಯ ಪತ್ರ ಇರಲೇಬೇಕು: ಹುದ್ದೆ, ಸೇರಿದ ದಿನ, ಸಂಬಳ, ಬೋನಸ್. ಅದನ್ನು ಕೊಟ್ಟ ಮೇಲೆ ಕೆಲಸ ಬದಲಾದರೆ ಪತ್ರ ಹಳತಾಯಿತು. ಬೋರ್ಡಿನ ಪರವಾಗಿ ಕಟ್ಟಡ ನೋಡಿಕೊಳ್ಳುವ ಮ್ಯಾನೇಜಿಂಗ್ ಏಜೆಂಟರಿಗೆ ಹೊಸ ಪತ್ರ ಕಳಿಸಿ, ಯಾಕೆ ಬದಲಿಸಿದಿರಿ ಅನ್ನುವ ಎರಡು ಸಾಲಿನ ವಿವರಣೆ ಸೇರಿಸಿ. ಸಂದರ್ಶನದಲ್ಲಿ “ಇನ್ನೂ ಅದೇ ಕಂಪನಿಯಲ್ಲಿದ್ದೀರಾ?” ಎಂದು ಕೇಳಿದಾಗ ತಡವರಿಸಿದರೆ, ನಿಮ್ಮ ಒಳ್ಳೆಯ ಸಂಬಳವೂ ಅನುಮಾನಕ್ಕೆ ಬೀಳುತ್ತದೆ. ಸುಳ್ಳು ಹೇಳಿದರಂತೂ ಮುಂಗಡವೇ ಕೈಬಿಡಬಹುದು.

ನಮ್ಮವರು ಹೆಚ್ಚಾಗಿ ಮರೆಯುವ ವಿಷಯ ಕ್ಲೋಸಿಂಗ್ ಆದ ಮೇಲೆ ಕೈಯಲ್ಲಿ ಉಳಿಯುವ ಹಣ. ಒಂದೆರಡು ವರ್ಷದ ಸಾಲದ ಕಂತು ಮತ್ತು ಮೇಂಟೆನೆನ್ಸ್‌ಗೆ ಆಗುವಷ್ಟು ನಗದು ಇರಲಿ ಎಂದು ಅನೇಕ ಬೋರ್ಡ್‌ಗಳು ಬಯಸುತ್ತವೆ. ಹಳೆಯ ಕಂಪನಿ ನಿಮಗೆ ಕೊಡುತ್ತೇನೆಂದು ಇನ್ನೂ ಕೈಗೆ ಬರದ ಷೇರುಗಳು ಸಾಮಾನ್ಯವಾಗಿ ಕೆಲಸ ಬಿಟ್ಟ ದಿನವೇ ಹೋಗುತ್ತವೆ. ಹೊಸ ಕಂಪನಿಯ ಜಾಯಿನಿಂಗ್ ಬೋನಸ್ ಖಾತೆಗೆ ಬೀಳುವ ತನಕ ಲೆಕ್ಕಕ್ಕಿಲ್ಲ. ಮೈಸೂರಿನ ಸೈಟನ್ನು ಆಸ್ತಿ ಪಟ್ಟಿಯಲ್ಲಿ ತೋರಿಸಬಹುದು, ನಗದು ಎಂದು ಯಾರೂ ಎಣಿಸುವುದಿಲ್ಲ.

ಎಚ್-1ಬಿ ಕೆಲಸದ ವೀಸಾ ಮೇಲಿರುವವರಿಗೆ ಇನ್ನೊಂದು ಎಚ್ಚರಿಕೆ. ಹೊಸ ಕಂಪನಿ ನಿಮ್ಮ ವೀಸಾಗೆ ಅರ್ಜಿ ಸಲ್ಲಿಸಿದ ಮೇಲೆ, ಮಂಜೂರಿಗೆ ಕಾಯದೆ ಅಲ್ಲಿ ಸೇರಲು ಕಾನೂನು ಸಾಮಾನ್ಯವಾಗಿ ಬಿಡುತ್ತದೆ. ಮನೆ ವ್ಯವಹಾರ ನಡೆಯುತ್ತಿರುವಾಗ ಮಾತ್ರ ಹಾಗೆ ಹಾರಬೇಡಿ ಅನ್ನುತ್ತೇನೆ. ಅರ್ಜಿ ತಿರಸ್ಕೃತವಾದರೆ ಕೆಲಸ, ವೀಸಾ, ಸಾಲ ಮೂರೂ ಒಟ್ಟಿಗೆ ಅಲುಗಾಡುತ್ತವೆ. ಹಣ ಕೊಟ್ಟರೆ ಪ್ರೀಮಿಯಂ ಪ್ರೊಸೆಸಿಂಗ್‌ನಲ್ಲಿ ಬೇಗ ಉತ್ತರ ಸಿಗುತ್ತದೆ, ಅದನ್ನು ಹೊಸ ಕಂಪನಿಯಿಂದ ಕೇಳಿ ಪಡೆಯಿರಿ. ಸೇರುವ ದಿನಾಂಕವನ್ನು ಕ್ಲೋಸಿಂಗ್ ಆಚೆಗೆ ತಳ್ಳಲು ಆಗುತ್ತದಾ ಎಂದೂ ಕೇಳಿ ನೋಡಿ. ಮನೆ ಕೊಳ್ಳುತ್ತಿದ್ದೇನೆ ಎಂದರೆ ಬಹಳಷ್ಟು ಕಂಪನಿಗಳು ಕೆಲವು ವಾರ ಕಾಯುತ್ತವೆ. ಆಗಲೂ ಆಫರ್‌ಗೆ ಸಹಿ ಹಾಕಿದ್ದೀರಿ ಅನ್ನುವುದನ್ನು ಬ್ಯಾಂಕಿಗೆ ಹೇಳಲೇಬೇಕು.