ನಿಲ್ದಾಣದ ಇತಿಹಾಸ ಹುಡುಕುವುದು: ಕಟ್ಟಡ ಕೊನೆಗೆ, ವೇಳಾಪಟ್ಟಿ ಮೊದಲು

ನಗರದ ರೈಲು ನಿಲ್ದಾಣದ ವಯಸ್ಸು ಕೇಳಿದರೆ ಹೆಚ್ಚಿನವರು ಮುಂಭಾಗದ ಗೋಡೆಯಲ್ಲಿರುವ ಇಸವಿ ತೋರಿಸುತ್ತಾರೆ. ಅದು ಕಟ್ಟಡದ ವಯಸ್ಸು, ನಿಲ್ದಾಣದ್ದಲ್ಲ. ಮುಂಬೈಯ ಬೋರಿಬಂದರ್‌ನಿಂದ ಥಾಣೆಗೆ ಪ್ರಯಾಣಿಕರ ಗಾಡಿ ಹೊರಟದ್ದು 1853ರ ಏಪ್ರಿಲ್ 16ರಂದು. ಈಗ ಅಲ್ಲಿ ಕಾಣುವ ಭವ್ಯ ಕಟ್ಟಡದ ಕೆಲಸ ಶುರುವಾದದ್ದೇ 1878ರಲ್ಲಿ. ಪ್ಯಾರಿಸ್‌ನ ಗಾರ್ ದ್ಯು ನೋರ್ ನಿಲ್ದಾಣ 1846ರಲ್ಲಿ ತೆರೆಯಿತು. ಜಾಗ ಸಾಲದೆ ಹದಿನೈದು ವರ್ಷದೊಳಗೆ ಅದನ್ನು ಕೆಡವಿ, ಮುಂಭಾಗದ ಕಲ್ಲುಗಳನ್ನು ಲೀಲ್ ನಗರಕ್ಕೆ ಸಾಗಿಸಿ ಅಲ್ಲಿನ ನಿಲ್ದಾಣಕ್ಕೆ ಜೋಡಿಸಿದರು. ಲೀಲ್‌ನ ಗೋಡೆಯನ್ನಷ್ಟೇ ನಂಬಿದವರು ಬೇರೆ ಊರಿನ ಚರಿತ್ರೆ ಬರೆದಾರು!

ಆದ್ದರಿಂದ ಮೊದಲು ನಾಲ್ಕು ದಿನಾಂಕಗಳಿಗೆ ನಾಲ್ಕು ಸಾಲು ಹಾಕಿಕೊಳ್ಳಿ: ಮಾರ್ಗ ಸರಕಿಗೆ ತೆರೆದದ್ದು, ಪ್ರಯಾಣಿಕರಿಗೆ ತೆರೆದದ್ದು, ಉದ್ಘಾಟನಾ ಸಮಾರಂಭ, ಕಟ್ಟಡ ಮುಗಿದದ್ದು. ಎರಡು ದಾಖಲೆಗಳ ನಡುವೆ ತಾಳೆ ಬೀಳದಿದ್ದರೆ ಬಹುಪಾಲು ಇವುಗಳಲ್ಲೇ ಯಾವುದೋ ಎರಡು ಕಲಸಿಹೋಗಿರುತ್ತವೆ. ಸಮಾರಂಭದ ದಿನ ಗಣ್ಯರನ್ನಷ್ಟೇ ಕೂರಿಸಿಕೊಂಡು ಗಾಡಿ ಓಡಿಸಿ, ಟಿಕೆಟ್ ಮಾರಾಟ ಆಮೇಲೆ ಆರಂಭಿಸಿದ್ದೂ ಉಂಟು. ಹಾಗಾಗಿ ಆ ವಾರದ ಪತ್ರಿಕೆಯಲ್ಲಿ ಸಮಾರಂಭದ ವರದಿಗಿಂತ ರೈಲ್ವೆ ಕಂಪನಿಯ ಜಾಹೀರಾತು ಓದಿ. ದರ, ಹೊರಡುವ ಹೊತ್ತು, ಜಾರಿಗೆ ಬರುವ ದಿನ ಅದರಲ್ಲೇ ಇರುತ್ತವೆ.

ಆಮೇಲೆ ಹಳೆಯ ವೇಳಾಪಟ್ಟಿಗಳು. ಐದು ವರ್ಷಕ್ಕೊಂದರಂತೆ ತೆಗೆದು ನಿಲ್ದಾಣದ ಹೆಸರು, ಗಾಡಿಗಳ ಸಂಖ್ಯೆ, ಹಿಂದಿನ ನಿಲ್ದಾಣದಿಂದ ದೂರ, ಈ ಮೂರನ್ನು ಬರೆದುಕೊಳ್ಳಿ. ಹೆಸರು ಅದೇ ಇದ್ದು ದೂರ ಮಾತ್ರ ಬದಲಾಗಿದ್ದರೆ ನಿಲ್ದಾಣವೇ ಜಾಗ ಬದಲಿಸಿರಬಹುದು. ಹಳೆಯ ನಕಾಶೆಯಲ್ಲಿ ಖಚಿತಪಡಿಸಿಕೊಳ್ಳಿ. ನಕಾಶೆ ನೋಡುವಾಗ ಅಚ್ಚಾದ ವರ್ಷ ಬೇಡ, ಮೋಜಣಿ ನಡೆದ ವರ್ಷ ಬೇಕು. ಸಮಯ ಹೋಲಿಸುವಾಗಲೂ ಎಚ್ಚರ: ಅಮೆರಿಕದ ರೈಲ್ವೆಗಳು ಏಕರೂಪದ ಸಮಯಕ್ಕೆ ಬಂದದ್ದು 1883ರ ನವೆಂಬರ್ 18ರಂದು, ಅದಕ್ಕೂ ಮುಂಚೆ ಒಂದೇ ನಿಲ್ದಾಣದಲ್ಲಿ ಎರಡು ಕಂಪನಿಗಳ ಗಡಿಯಾರ ಬೇರೆ ಬೇರೆ ಸಮಯ ತೋರಿಸುತ್ತಿದ್ದುದುಂಟು.

ಸ್ಥಳಕ್ಕೆ ಹೋಗುವುದು ಇಷ್ಟಾದ ಮೇಲೆ. ಅನುಮತಿ ಪಡೆದು, ಟಾರ್ಚು, ಅಳತೆ ಟೇಪು ಒಯ್ಯಿರಿ. ಹಳಿಗೆ ಮಾತ್ರ ಇಳಿಯಬೇಡಿ. ಚಾವಣಿ ಹೊತ್ತ ಎರಕದ ಕಂಬಗಳ ಬುಡದಲ್ಲಿ ತಯಾರಕರ ಹೆಸರು, ಕೆಲವೊಮ್ಮೆ ಇಸವಿ ಇರುತ್ತದೆ. ಪದರ ಪದರ ಬಣ್ಣದಡಿ ಅದು ಮುಚ್ಚಿಹೋಗಿದ್ದರೆ ಕೆರೆಯಬೇಡಿ. ಟಾರ್ಚನ್ನು ಕಂಬಕ್ಕೆ ತಾಗಿಸಿದಂತೆ ಪಕ್ಕದಿಂದ ಓರೆಯಾಗಿ ಬಿಟ್ಟರೆ ಉಬ್ಬಕ್ಷರಗಳ ನೆರಳು ಬಿದ್ದು ಹೆಸರು ಎದ್ದು ಕಾಣುತ್ತದೆ. ನೇರವಾಗಿ ಬಿಟ್ಟರೆ ಬರೀ ಹೊಳಪು. ಹಳೆಯ ಹಳಿಯನ್ನೇ ಕಂಬವಾಗಿ ನೆಟ್ಟಿರುವುದೂ ಸಾಮಾನ್ಯ. ಅದರ ನಡುಪಟ್ಟಿಯ (ತಲೆ, ಪಾದಗಳ ನಡುವಿನ ತೆಳು ಭಾಗದ) ಮೇಲಿನ ಇಸವಿ ಹಳಿ ತಯಾರಾದದ್ದು. ಚಾವಣಿ ಅದಕ್ಕಿಂತ ಹಿಂದಿನದಲ್ಲ ಎಂದಷ್ಟೇ ಅದರಿಂದ ಗೊತ್ತಾಗುತ್ತದೆ, ಹೆಚ್ಚೇನೂ ಇಲ್ಲ.

ನನಗೆ ಕೇಳಿದರೆ ಕಟ್ಟಡಕ್ಕಿಂತ ಪ್ಲಾಟ್‌ಫಾರ್ಮೇ ಹೆಚ್ಚು ಹೇಳುತ್ತದೆ. ಅಂಚುಕಲ್ಲು ಎಲ್ಲಿ ಬದಲಾಗುತ್ತದೋ ಅಲ್ಲಿಂದಾಚೆ ವಿಸ್ತರಣೆಯಾಗಿರಬಹುದು. ಕಂಬದ ಪೀಠ ನೆಲದಲ್ಲಿ ಹೂತಿದ್ದು, ಹಳೆಯ ಬಾಗಿಲ ಹೊಸ್ತಿಲು ಪ್ಲಾಟ್‌ಫಾರ್ಮಿಗಿಂತ ತಗ್ಗಿನಲ್ಲಿದ್ದರೆ ನೆಲ ಎತ್ತರಿಸಿದ್ದಾರೆ. ಉದ್ದವೇ ನಿಲ್ದಾಣದ ಹಣೆಬರಹ ಬರೆಯುವುದೂ ಇದೆ: 1900ರಲ್ಲಿ ತೆರೆದ ಪ್ಯಾರಿಸ್‌ನ ಓರ್ಸೇ ನಿಲ್ದಾಣದ ಪ್ಲಾಟ್‌ಫಾರ್ಮುಗಳು ಉದ್ದದ ಗಾಡಿಗಳಿಗೆ ಸಾಲದೆ, 1939ರ ಹೊತ್ತಿಗೆ ಅಲ್ಲಿಗೆ ದೂರದ ಗಾಡಿಗಳು ಬರುವುದೇ ನಿಂತುಹೋಯಿತು. ಕಂಬಗಳ ನಡುವಿನ ಅಂತರವನ್ನೂ ಅಳೆಯಿರಿ. ಲಂಡನ್ನಿನ ಸೇಂಟ್ ಪ್ಯಾಂಕ್ರಸ್‌ನ ನೆಲಮಾಳಿಗೆಯಲ್ಲಿ ಆ ಅಂತರ ನಿರ್ಧಾರವಾದದ್ದು ಅಲ್ಲಿ ಇಡುತ್ತಿದ್ದ ಬಿಯರ್ ಪೀಪಾಯಿಗಳ ಲೆಕ್ಕದಲ್ಲಿ.

ಹಳೆಯ ಪೋಸ್ಟ್‌ಕಾರ್ಡ್ ಸಿಕ್ಕರೆ ಅಂಚೆಮುದ್ರೆಯ ವರ್ಷವನ್ನು ಚಿತ್ರದ ವರ್ಷವೆಂದು ಬರೆಯಬೇಡಿ. ಒಂದೇ ಚಿತ್ರವನ್ನು ವರ್ಷಗಟ್ಟಲೆ ಅಚ್ಚು ಹಾಕುತ್ತಿದ್ದರು. ನಿಖರ ದಿನಾಂಕ ಸಿಗದಿದ್ದಾಗ ಎರಡು ಗಡಿ ಕೊಡಿ: 1871ರ ವೇಳಾಪಟ್ಟಿಯಲ್ಲಿ ಹೆಸರಿಲ್ಲ, 1874ರದ್ದರಲ್ಲಿ ಇದೆ ಎಂದಾದರೆ ‘1871–74ರ ನಡುವೆ’ ಎಂದೇ ಬರೆದು, ಪಕ್ಕದಲ್ಲಿ ಎರಡೂ ವೇಳಾಪಟ್ಟಿಗಳ ತಿಂಗಳು ನಮೂದಿಸಿ.